ಇಪ್ಪತ್ನಾಲ್ಕು ಡಬ್ಬಿ ಗೇದರ್

ನಮ್ಮ ರೂಮಿನಲ್ಲಿ ಅಕ್ಕಿ ಇನ್ನೆಷ್ಟು ದಿನಕ್ಕೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಟ್ಯೂನಾ ಡಬ್ಬಿ ಎಷ್ಟು ಉಳಿದಿವೆ ಅಂತ ಮಾತ್ರ ಮೂವರಿಗೂ ಬಾಯಿಪಾಠ. ಗೂಡಿನಲ್ಲಿ ನಾಲ್ಕರ ಮೇಲೆ ನಾಲ್ಕರಂತೆ ಜೋಡಿಸಿಟ್ಟಿದ್ದೇವೆ. ಒಂದು ಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ.

ಮೂವರು ಅಂದರೆ ಗಂಗೊಳ್ಳಿಯವನು, ತೀರ್ಥಹಳ್ಳಿಯವನು, ಚಳ್ಳಕೆರೆಯವನು. ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿ, ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಬೇರೆ ಬೇರೆ ಕಡೆ ಕೆಲಸಕ್ಕೆ ಸೇರಿದವರು. ಮೂವರಲ್ಲಿ ಇಬ್ಬರಿಗೆ ಎರಡು ತಿಂಗಳಿಂದ ಸಂಬಳ ಬಂದಿಲ್ಲ. ‘ಮುಂದಿನ ವಾರ’ ಅನ್ನುವುದನ್ನು ನಮ್ಮ ಅಕೌಂಟ್ಸ್ ವಿಭಾಗದವರು ಎಷ್ಟು ಸಲ ಹೇಳಿದ್ದಾರೆಂದರೆ, ಅದನ್ನೇ ಹೆಡ್‌ಲೈನ್ ಮಾಡಿ ಕಾಯಂ ಮೊದಲ ಪುಟಕ್ಕೆ ಹಾಕಬಹುದು. ಮೂರನೆಯವನ ಸಂಬಳದಲ್ಲಿ ಬಾಡಿಗೆ, ಗ್ಯಾಸು, ಮೂರು ಮೊಬೈಲಿನ ರೀಚಾರ್ಜು ನಡೆಯಬೇಕು.

ಇಂಥ ಹೊತ್ತಿನಲ್ಲಿ ಜೂನ್ ಮೊದಲ ವಾರ ತೀರ್ಥಹಳ್ಳಿಯವನು ಸೂಪರ್ ಮಾರ್ಕೆಟ್ಟಿನಿಂದ ಫೋನ್ ಮಾಡಿದ. “ಮಾರಾಯ, ಮೀನಿನ ಡಬ್ಬಿ ಒಂದಕ್ಕೊಂದು ಫ್ರೀ ಹಾಕಿದಾರೆ. ಎಷ್ಟು ಹಿಡೀಲಿ?” ತಮಾಷೆ ಏನೆಂದರೆ ನಮ್ಮಲ್ಲಿ ಮೀನು ಮುಟ್ಟದವನು ಅವನೊಬ್ಬನೇ. ಆದರೆ ಮನೆಯ ಲೆಕ್ಕಪತ್ರವೆಲ್ಲ ಅವನ ಕೈಯಲ್ಲಿದೆ. ರಿಯಾಯಿತಿಯ ಚೀಟಿ ಕಂಡರೆ ಅವನ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ.

ಉಳಿದಿಬ್ಬರೂ ಹೋದೆವು. ಡಬ್ಬಿಯ ಬೆಲೆ 190 ರೂಪಾಯಿ, ಒಂದಕ್ಕೊಂದು ಉಚಿತ, ಅಂದರೆ 95. ಯಾಕೆ ಇಷ್ಟು ಕಡಿಮೆ ಅಂತ ಡಬ್ಬಿಯ ತಳ ನೋಡಿದರೆ ಗೊತ್ತಾಗುತ್ತಿತ್ತು, ದಿನಾಂಕ ಅಕ್ಟೋಬರಿಗೆ ಮುಗಿಯುತ್ತಿತ್ತು. ಅಂಗಡಿಯವರಿಗೆ ಅದು ಜಾಗ ತಿನ್ನುವ ಮಾಲು, ನಮಗೆ ನಾಲ್ಕು ತಿಂಗಳ ಅವಕಾಶ. ಅಂಚು ಜಜ್ಜಿದ್ದನ್ನು ಬಿಟ್ಟೆವು, ಉಬ್ಬಿದ್ದೇನಾದರೂ ಇದೆಯಾ ಅಂತ ಒಂದೊಂದನ್ನೂ ಒತ್ತಿ ನೋಡಿದೆವು. ಗಾಳಿಯಾಡದ ಡಬ್ಬಿಯೊಳಗೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಬೇಕು. ಇದರಲ್ಲಿ ಜಿಪುಣತನ ಸಲ್ಲದು. ಹನ್ನೆರಡು ಕೊಂಡೆವು, ಹನ್ನೆರಡು ಬಂದವು. ಒಟ್ಟು 2280 ರೂಪಾಯಿ. ಬಿಲ್ ಕೌಂಟರಿನ ಹುಡುಗಿ ನಮ್ಮನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿ, “ಹೋಟೆಲ್ ಇದೆಯಾ ಸಾರ್?” ಅಂದಳು.

ರೂಮಿಗೆ ಬಂದ ಮೇಲೆ ಲೆಕ್ಕ ಶುರುವಾಯಿತು. ಡಬ್ಬಿಯ ಮೇಲೆ 185 ಗ್ರಾಂ ಅಂತ ದೊಡ್ಡದಾಗಿ ಇರುತ್ತದೆ, ನೀರು ಬಸಿದ ಮೇಲಿನ ತೂಕ ಪಕ್ಕದಲ್ಲಿ ಚಿಕ್ಕದಾಗಿ ಇರುತ್ತದೆ. ನಮ್ಮದರಲ್ಲಿ 130 ಗ್ರಾಂ. ನೀವು ಕೊಳ್ಳುವಾಗ ನೋಡಬೇಕಾದದ್ದು ಆ ಚಿಕ್ಕ ಅಕ್ಷರವನ್ನೇ. ಅಷ್ಟು ಮೀನಿನಲ್ಲಿ ಮೂವತ್ತು ಗ್ರಾಂನಷ್ಟು ಪ್ರೋಟೀನು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಅಂದರೆ ಐದು ಮೊಟ್ಟೆಗೆ ಒಂದು ಡಬ್ಬಿ ಸಮ. ನಮ್ಮ ಬೀದಿಯ ಅಂಗಡಿಯಲ್ಲಿ ಐದು ಮೊಟ್ಟೆಗೆ ನಲವತ್ತು ರೂಪಾಯಿ ಆಗುವುದಿಲ್ಲ. ಅರ್ಧ ಬೆಲೆಗೆ ಕೊಂಡರೂ ಡಬ್ಬಿ ಮೀನು ಮೊಟ್ಟೆಗಿಂತ ಎರಡು ಪಟ್ಟು ದುಬಾರಿ. ಹುರುಳಿಕಾಳಿನ ಲೆಕ್ಕ ತೆಗೆದರೆ ಇನ್ನೂ ನಾಚಿಕೆ. ಇಷ್ಟೂ ಲೆಕ್ಕವನ್ನು ತೀರ್ಥಹಳ್ಳಿಯವನು ಕೊಳ್ಳುವ ಮೊದಲೇ ಮಾಡಿದ್ದನಂತೆ. “ಮತ್ತೆ ಯಾಕೆ ಫೋನ್ ಮಾಡಿದೆ?” ಅಂದರೆ, “ಜೂನ್ ಬಂತಲ್ಲ” ಅಂದ.

ಆ ಮಾತು ಸಾಕಿತ್ತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. ಸಣ್ಣ ನಾಡದೋಣಿಗಳು ಮಾತ್ರ ಮಳೆ, ಅಲೆ ನೋಡಿಕೊಂಡು ಹೋಗುತ್ತವೆ. ಹಾಗಾಗಿ ಕರಾವಳಿಯ ಮನೆಗಳಲ್ಲಿ ಏಪ್ರಿಲ್, ಮೇ ಅಂದರೆ ಕೂಡಿಡುವ ತಿಂಗಳು. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಉಪ್ಪು ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿದ ಹಲಸಿನ ಬೀಜ. ಇವುಗಳ ಜೊತೆಗೆ ಒಣ ಬಂಗುಡೆ, ಒಣ ನಂಗ್, ಒಣ ಸಿಗಡಿ. ಗಂಗೊಳ್ಳಿಯವನ ಅಮ್ಮ ಮೀನು ಒಣಗಿಸಿ ಮಾರುವವರು. ಹೊಟ್ಟೆ ಸೀಳಿ, ತೊಳೆದು, ಉಪ್ಪು ತುಂಬಿ, ಹೊಯಿಗೆಯ ಮೇಲೆ ಬಲೆ ಹಾಸಿ ಹರವಿ, ಕಾಗೆ ಓಡಿಸುತ್ತಾ ಕೂರುವುದು. ಮೋಡ ಕಂಡರೆ ಓಡಿ ಬಾಚಿಕೊಳ್ಳಬೇಕು. ಒಂದು ಬೇಸಿಗೆ ಮಳೆ ಬಂದರೆ ವಾರದ ದುಡಿಮೆ ಹುಳ ಹಿಡಿಯುತ್ತದೆ. ಆ ಒಣಮೀನು ಘಟ್ಟ ಹತ್ತಿ ತೀರ್ಥಹಳ್ಳಿ ಕಡೆಯ ಸಂತೆಗೂ ಬರುತ್ತದೆ. ಅಟ್ಟದ ಮೇಲೆ ಹೊಗೆ ತಾಗುವ ಕಡೆ ಅದನ್ನು ನೇತುಹಾಕಿದ ನೆರೆಮನೆಗಳ ಅಡುಗೆಮನೆಯನ್ನು ನಮ್ಮ ಸಸ್ಯಾಹಾರಿ ಗೆಳೆಯ ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸುತ್ತಾನೆ. ಚಳ್ಳಕೆರೆಯವನಿಗೆ ಮಾತ್ರ ಇದೆಲ್ಲ ಹೊಸದು. ಅವನ ಕಡೆ ಕೆರೆ ತುಂಬಿದ ವರ್ಷ ಮೀನು, ತುಂಬದ ವರ್ಷ ಮೀನಿನ ಮಾತು.

ಹಾಗಾದರೆ ಊರಿನ ಒಣಮೀನನ್ನೇ ತರಿಸಬಹುದಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಕೆಳಗಡೆ ಮನೆಯ ಓನರ್ ಆಂಟಿ ಅಡ್ಡ. ರೂಮು ಕೊಡುವಾಗಲೇ ಹೇಳಿದ್ದರು: “ನೀವು ಹೊರಗೆ ಏನು ತಿಂದ್ಕೊಂಡು ಬಂದ್ರೂ ನಾನು ಕೇಳಲ್ಲ. ಮನೇಲಿ ಮೀನು ಬೇಯಿಸೋ ಹಾಗಿಲ್ಲ, ವಾಸನೆ ಬರಬಾರದು.” ಒಣಮೀನು ಕೆಂಡದ ಮೇಲೆ ಸುಟ್ಟರೆ ಕೇರಿಗೇ ಸುದ್ದಿ. ಅದಕ್ಕೆ ಯಾವ ಪತ್ರಿಕೆಯೂ ಬೇಡ. ಇಷ್ಟು ಕಡಿಮೆ ಬಾಡಿಗೆಗೆ, ಅದೂ ಮೂವರು ಬ್ರಹ್ಮಚಾರಿಗಳಿಗೆ, ಇನ್ನೊಂದು ರೂಮು ಈ ಊರಿನಲ್ಲಿ ಸಿಗುವುದಿಲ್ಲ. ಬಾಡಿಗೆ ಬೇರೆ ಬಾಕಿ ಇದೆ.

ಡಬ್ಬಿ ಮೀನು ಈ ಇಕ್ಕಟ್ಟಿಗೆ ಹೇಳಿ ಮಾಡಿಸಿದ್ದು. ಅದನ್ನು ಬೇಯಿಸಬೇಕಾಗಿಯೇ ಇಲ್ಲ. ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದ ಮೇಲೆ ಒತ್ತಡದ ಹಬೆಯಲ್ಲಿ ಕಾಯಿಸಿರುತ್ತಾರೆ. ಕೆಡದೆ ಉಳಿಯುವುದು ಆ ಕಾವಿನಿಂದ, ಬೇರೆ ಮದ್ದಿನಿಂದಲ್ಲ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಗಾಜಿನ ಬಾಟಲಿಗಳಲ್ಲಿ ಈ ವಿದ್ಯೆ ಕಂಡುಕೊಂಡು 1810ರಲ್ಲಿ ಪುಸ್ತಕ ಬರೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿತು. ಡಬ್ಬಿ ಬಿಚ್ಚುವ ಓಪನರ್ ಮಾತ್ರ ಬಂದದ್ದು ನಾಲ್ಕೂವರೆ ದಶಕದ ನಂತರ. ಅಲ್ಲಿಯವರೆಗೆ ಉಳಿ, ಸುತ್ತಿಗೆ. ನಮ್ಮ ಡಬ್ಬಿಗಳಿಗೆ ಉಂಗುರ ಇದೆ, ಎಳೆದರೆ ಬಾಯಿ ತೆರೆಯುತ್ತದೆ.

ಸಂತೋಷದಲ್ಲಿ ಗಂಗೊಳ್ಳಿಗೆ ಫೋನ್ ಮಾಡಿದರೆ ಅಮ್ಮ ನಕ್ಕದ್ದು ನಕ್ಕದ್ದೇ. “ಹ್ವಾಯ್ ಮಗಾ, ಸಮುದ್ರದ್ ಬದಿಯಂಗೆ ಹುಟ್ಟಿ ಡಬ್ಬಿ ಮೀನ್ ತಿಂತ್ಯಾ? ಎಂತ ಮೀನಂಬ್ರ್ ಅದ್?” ವಿಡಿಯೋದಲ್ಲಿ ಡಬ್ಬಿಯ ಮೇಲಿನ ಚಿತ್ರ ತೋರಿಸಿದೆವು. “ಅಯ್ಯೋ, ಗೇದರ್!” ಅಂದರು. ಅವರ ದನಿಯಲ್ಲಿದ್ದ ತಾತ್ಸಾರ ನಮಗೆ ಅರ್ಥವಾಯಿತು. ಕರಾವಳಿಯಲ್ಲಿ ಅಂಜಲ್, ಮಾಂಜಿಗೆ ಇರುವ ಮರ್ಯಾದೆ ಗೇದರಿಗೆ ಇಲ್ಲ. ರಕ್ತ ಜಾಸ್ತಿ, ಮಾಂಸ ಕಪ್ಪು ಅಂತ ಎಷ್ಟೋ ಮನೆಗಳಲ್ಲಿ ಕೊಳ್ಳುವುದೇ ಇಲ್ಲ. ಅದೇ ಜಾತಿಯ ಮೀನು ಥೈಲ್ಯಾಂಡಿನ ಕಾರ್ಖಾನೆಯಲ್ಲಿ ಡಬ್ಬಿ ಸೇರಿ, ನಮ್ಮ ಸೂಪರ್ ಮಾರ್ಕೆಟ್ಟಿನ ಎಸಿಯಲ್ಲಿ 190 ರೂಪಾಯಿ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ನಮ್ಮ ಕಡಲಿನಾಚೆ ಲಕ್ಷದ್ವೀಪದ ಮಿನಿಕಾಯ್‌ನವರು ಗೇದರಿನ ನೆಂಟ ಸ್ಕಿಪ್‌ಜಾಕನ್ನು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುತ್ತಾರೆ. ಬೇಯಿಸಿ, ಹೊಗೆ ಕೊಟ್ಟು, ಮರದ ತುಂಡಿನ ಹಾಗೆ ಗಟ್ಟಿಯಾಗುವವರೆಗೆ ಒಣಗಿಸಿ ‘ಮಾಸ್’ ಮಾಡುತ್ತಾರೆ. ನಮ್ಮ ಕಡೆ ಆ ಮೀನಿಗೆ ಅಷ್ಟು ಶ್ರಮ ಯಾಕೆ ಹಾಕಲಿಲ್ಲವೋ. ಬಂಗುಡೆ ದಂಡಿಯಾಗಿ ಸಿಗುವಾಗ ಯಾರಿಗೆ ಬೇಕಿತ್ತು ಅನಿಸುತ್ತದೆ.

ರುಚಿಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇವೆ: ಮೊದಲ ದಿನ ಅದು ಉಪ್ಪು ಹಾಕಿದ ಹತ್ತಿಯ ಹಾಗಿತ್ತು. ನೀರು ಚೆನ್ನಾಗಿ ಹಿಂಡಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ, ಒಂದು ಚಮಚ ತೆಂಗಿನೆಣ್ಣೆ, ಒಂದು ಹಿಡಿ ತೆಂಗಿನತುರಿ ಕಲಸಿದ ಮೇಲೆ ಊಟದ ಲೆಕ್ಕಕ್ಕೆ ಬಂತು. ಒಣ ಸಿಗಡಿ ಚಟ್ನಿಯ ದೂರದ ನೆಂಟ ಅನ್ನಬಹುದು. ಗಂಜಿಗೆ ಒಳ್ಳೆಯ ಜೊತೆ. ಚಳ್ಳಕೆರೆಯವನು ಮುದ್ದೆಗೆ ನಂಚಿಕೊಂಡು ತಿನ್ನುತ್ತಾನೆ, ನುಂಗುವಾಗ ಅಡ್ಡ ಬರುತ್ತದೆ ಅಂತ ಬೈಯುತ್ತಲೇ ಇನ್ನೊಂದು ತುತ್ತು ಮುರಿಯುತ್ತಾನೆ. ತಿನ್ನುವವರು ಇಬ್ಬರು, ಎರಡು ದಿನಕ್ಕೊಂದು ಡಬ್ಬಿ. ಹೆಚ್ಚು ತಿನ್ನುವುದೂ ಬೇಡ, ದೊಡ್ಡ ಟ್ಯೂನಾಗಳಲ್ಲಿ ಪಾದರಸದ ಅಂಶ ಇರುತ್ತದೆ. ಬಸುರಿಯಾಗಿರುವ ಚಳ್ಳಕೆರೆಯವನ ಅಕ್ಕ “ನಂಗೂ ನಾಲ್ಕು ತಗಂಬಾರೋ” ಅಂದಾಗ ಈ ಕಾರಣಕ್ಕೇ ಕೊಡದೆ, ಅಷ್ಟು ದುಡ್ಡಿನ ಮೊಟ್ಟೆ ಕೊಡಿಸಿದ. ತೆರೆದ ಡಬ್ಬಿಯಲ್ಲೇ ಉಳಿಸಿಡಬಾರದು, ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ನಮಗೆ ಫ್ರಿಜ್ಜೂ ಇಲ್ಲ, ಉಳಿಯುವ ಪ್ರಶ್ನೆಯೂ ಇಲ್ಲ.

ತೊಂದರೆ ಇದ್ದದ್ದು ಖಾಲಿ ಡಬ್ಬಿಯದು. ಒಣಕಸದ ಚೀಲ ಆಂಟಿಯ ಗೇಟಿನ ಬಳಿಯೇ ಇಡಬೇಕು. ಸೋಪು ಹಾಕಿ ತೊಳೆದು, ಮೀನಿನ ಚಿತ್ರದ ಕಾಗದ ಕಿತ್ತು, ಪೇಪರಿನಲ್ಲಿ ಸುತ್ತಿ ಇಡುತ್ತಿದ್ದೆವು. ಸುತ್ತುವುದಕ್ಕೆ ನಮ್ಮದೇ ಪೇಪರು, ಸಂಬಳ ಕೊಡದಿದ್ದರೂ ಕಾಂಪ್ಲಿಮೆಂಟರಿ ಕಾಪಿ ಮಾತ್ರ ತಪ್ಪಿಸಿಲ್ಲ.

ಜುಲೈ 10ರಂದು ಬಾಡಿಗೆ ಕೇಳಲು ಆಂಟಿಯೇ ಮೇಲೆ ಬಂದರು. ಸಾಮಾನ್ಯವಾಗಿ ಬಾಗಿಲಲ್ಲೇ ನಿಂತು ಮಾತಾಡುವವರು, ಅವತ್ತು ಮಳೆ ಎರಚುತ್ತಿತ್ತು ಅಂತ ಒಳಗೆ ಬಂದರು. ಗೂಡಿನಲ್ಲಿ ಸಾಲಾಗಿ ಡಬ್ಬಿಗಳು.

“ಇದೇನಪ್ಪಾ ಇಷ್ಟೊಂದು?”

ಇಬ್ಬರು ಮೀನು ತಿನ್ನುವವರು ಬಾಯಿ ಬಿಡಲಿಲ್ಲ. ತಿನ್ನದವನೇ ಹೇಳಿದ, “ಮೀನು ಆಂಟಿ. ಆಫರ್ ಇತ್ತು. ಇದನ್ನ ಬೇಯಿಸೋದಿಲ್ಲ.”

ಅವರು ಒಂದನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಣೆಗೇರಿಸಿ ತಳ ನೋಡಿದರು. ನಾವು ಆಗಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟುತ್ತಿದ್ದೆವು.

“ಅಕ್ಟೋಬರಿಗೆ ಮುಗಿಯತ್ತೆ, ನೋಡ್ಕೊಂಡಿದೀರಾ?” ಅಂದರು. ಆಮೇಲೆ, “ಇದರ ಮುಚ್ಚಳ ಪೇಪರಿಂದ ಹೊರಗೆ ಬಂದು ಮೊನ್ನೆ ಕಸದವಳ ಬೆರಳು ಗೀಚಿತು. ಮುಚ್ಚಳವನ್ನ ಡಬ್ಬದೊಳಗೆ ಹಾಕಿ ಬಾಯಿ ಅಮುಕಿ ಕೊಡಿ.”

ಅರ್ಧ ಬಾಡಿಗೆ ಕೊಟ್ಟೆವು. ಉಳಿದದ್ದಕ್ಕೆ ಇಪ್ಪತ್ತನೇ ತಾರೀಕಿನ ಗಡುವು ಕೊಟ್ಟು ಇಳಿದು ಹೋದರು. ಅವತ್ತು ಏಳು ಡಬ್ಬಿ ಉಳಿದಿದ್ದವು.