ಸಹಿ ಆಟಗಾರನದು, ಸೆಳೆತ ಜನರದು

ಭತ್ತ ಕೊಯ್ದ ಮೇಲೆ ದಢೇಸುಗೂರಿನ ಗದ್ದೆಗಳು ಒಣಗಿ ಮೈದಾನವಾಗುತ್ತವೆ. ಹುಡುಗರು ಮೂರು ಕೋಲು ನೆಟ್ಟು ಕ್ರಿಕೆಟ್ ಆಡುವುದೇ ಹೆಚ್ಚು. ಫುಟ್‌ಬಾಲ್ ಈ ಕಡೆಗೆ ಬಂದದ್ದು ಟಿ.ವಿ. ಮತ್ತು ಮೊಬೈಲುಗಳ ದಾರಿಯಿಂದ. ಆದರೂ ಮೆಸ್ಸಿ ಯಾವ ಕ್ಲಬ್ ಬಿಟ್ಟು ಯಾವ ಕ್ಲಬ್ ಸೇರಿದ ಎಂದು ಕೇಳಿದರೆ ಎಂಟನೆಯ ತರಗತಿಯ ಹುಡುಗ ತಡವರಿಸದೆ ಹೇಳುತ್ತಾನೆ. ಏಕೆ ಬಿಟ್ಟ ಎಂದು ಕೇಳಿದರೆ ಮಾತ್ರ ಪಕ್ಕದಲ್ಲಿ ಕುಳಿತ ಅಪ್ಪನೇ ಉತ್ತರ ಕೊಟ್ಟುಬಿಡುತ್ತಾನೆ: 'ರೊಕ್ಕ ಎಲ್ಲಿ ಜಾಸ್ತಿನೋ ಅಲ್ಲಿ.'

ಅಪ್ಪನ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಕಬ್ಬಿಣದ ಚೂರು ಕಾಂತದ ಕಡೆಗೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಅದನ್ನು ಎಳೆಯುವ ಕ್ಷೇತ್ರ ಕಾಣುವುದಿಲ್ಲ. ಆಟಗಾರನ ವಿಷಯದಲ್ಲೂ ಕರಾರುಪತ್ರದ ಮೇಲಿನ ಮೊತ್ತ ಪತ್ರಿಕೆಯಲ್ಲಿ ಬರುತ್ತದೆ, ಗ್ಯಾಲರಿಯಲ್ಲಿ ಕುಳಿತ ಜನರ ಎಳೆತ ಬರುವುದಿಲ್ಲ. ಈ ಎಳೆತವನ್ನು ನೋಡಲು ಬಾರ್ಸಿಲೋನಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ಕಥೆಯೇ ಸಾಕು.

ಬೆಂಗಳೂರು ಒಂದು ಕಾಲಕ್ಕೆ ದೇಶದ ಫುಟ್‌ಬಾಲ್ ಕಣಜ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯದ ತಂಡ 1946-47ರಲ್ಲಿಯೂ 1952-53ರಲ್ಲಿಯೂ ಸಂತೋಷ್ ಟ್ರೋಫಿ ಎತ್ತಿಕೊಂಡಿತು. ಹಾಗಿದ್ದರೂ ಇಲ್ಲಿ ಬೆಳೆದ ದೊಡ್ಡ ಆಟಗಾರರು ಒಬ್ಬರ ಹಿಂದೆ ಒಬ್ಬರು ರೈಲು ಹತ್ತಿದ್ದು ಕಲ್ಕತ್ತೆಗೆ. ಅವರಲ್ಲಿ ಎಲ್ಲರಿಗಿಂತ ಎತ್ತರದ ಹೆಸರು ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ, ಬರಿಗಾಲಿನಲ್ಲಿ ಚೆಂಡನ್ನು ಅಂಟಿಸಿಕೊಂಡು ಓಡುತ್ತಿದ್ದ ಈ ಬೆಂಗಳೂರಿಗ 1949ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಅವರೊಂದಿಗೆ ಕೂಡಿದಾಗ ಜನ ಆ ಐವರನ್ನು 'ಪಂಚ ಪಾಂಡವರು' ಎಂದೇ ಕರೆದರು. 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನದಾಯಿತು. ಅಹ್ಮದ್ ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು.

ಈ ಐವರ ಪೈಕಿ ಯಾರೂ ಬಂಗಾಳಿಗಳಲ್ಲ ಎಂಬುದನ್ನು ಗಮನಿಸಬೇಕು. ಇವರನ್ನು ಹೆಗಲ ಮೇಲೆ ಹೊತ್ತವರು ಯಾರು? 1947ರ ವಿಭಜನೆಯಲ್ಲಿ ಮನೆ, ಹೊಲ, ಕೆರೆ, ತೋಟ ಎಲ್ಲವನ್ನೂ ಗಡಿಯಾಚೆ ಬಿಟ್ಟು ಬಂದ ಜನ. ಈಸ್ಟ್ ಬೆಂಗಾಲ್ ಕ್ಲಬ್ 1920ರಲ್ಲಿಯೇ ಹುಟ್ಟಿದ್ದರೂ ಅದಕ್ಕೆ ಸಾಗರದಂಥ ಅಭಿಮಾನಿ ಬಳಗ ಸಿಕ್ಕಿದ್ದು ಈ ನಿರಾಶ್ರಿತರಿಂದ. ಕಳೆದುಹೋದ ಊರಿನ ಹೆಸರು ಉಳಿದಿದ್ದುದು ಆ ಕ್ಲಬ್ಬಿನಲ್ಲಿ. ಸಿಂಧನೂರು ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳು ಇದೇ ತಾಲ್ಲೂಕಿನಲ್ಲಿವೆ. ಬೇರು ಕಿತ್ತುಕೊಂಡು ಬಂದವರು ಹೊಸ ನೆಲದಲ್ಲಿ ಹೇಗೆ ಒಂದು ಪೂಜೆಯನ್ನು, ಒಂದು ಹಾಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬುದನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. ಕಲ್ಕತ್ತೆಯಲ್ಲಿ ಅಂಥವರು ಹಿಡಿದುಕೊಂಡದ್ದು ಒಂದು ಫುಟ್‌ಬಾಲ್ ತಂಡವನ್ನು. ಅಂಥ ಜನ ತನ್ನ ಹೆಸರು ಹಿಡಿದು ಕೂಗುವಾಗ ಇಪ್ಪತ್ತೆರಡು ವರ್ಷದ ಯುವಕನ ಎದೆಯಲ್ಲಿ ಏನಾಗಬಹುದು?

ಬೆಂಗಳೂರಿನಲ್ಲಿ ಆಗ, ಆಮೇಲೂ, ಆಟಗಾರನಿಗೆ ಸಿಗುತ್ತಿದ್ದುದು ನೌಕರಿ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ತಂಡ ಕಟ್ಟಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡವು. ಆ ತಂಡಗಳು ಮುಂದೆ ರಾಷ್ಟ್ರೀಯ ಲೀಗ್‌ನಲ್ಲೂ ಆಡಿದವು. ಕಾಯಂ ಸಂಬಳ, ವಸತಿ, ನಿವೃತ್ತಿಯ ಭದ್ರತೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಎಷ್ಟೋ ಬಡ ಮನೆಗಳ ಒಲೆ ಉರಿದದ್ದು ಆ ಚೆಂಡಿನಿಂದ. ಆದರೆ ಕಾರ್ಖಾನೆಯ ತಂಡಕ್ಕೆ ಸಹೋದ್ಯೋಗಿಗಳಿರುತ್ತಾರೆ, ಅಭಿಮಾನಿಗಳು ಕಡಿಮೆ. ಕಂಪನಿಯ ಹೆಸರನ್ನು ಹಚ್ಚೆ ಹಾಕಿಸಿಕೊಂಡವರನ್ನು ಯಾರಾದರೂ ನೋಡಿದ್ದಾರೆಯೇ?

ಕಲ್ಕತ್ತೆಯ ಅಭಿಮಾನವಾದರೋ ಬರಿಯ ಕೂಗಾಗಿ ಉಳಿಯಲಿಲ್ಲ. ಸದಸ್ಯರ ವಂತಿಗೆ, ಟಿಕೆಟ್ಟಿನ ಹಣ ಕ್ಲಬ್ಬಿನ ಬಲವಾಯಿತು. ಎದುರಾಳಿ ಕ್ಲಬ್ಬಿಗೆ ಒಳ್ಳೆಯ ಆಟಗಾರ ಹೋದರೆ ಪದಾಧಿಕಾರಿಗಳು ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಆದ್ದರಿಂದಲೇ ವರ್ಗಾವಣೆಯ ದಿನಗಳಲ್ಲಿ ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ ಇರಿಸಿ, ಸಹಿಯ ಹೊತ್ತಿಗೆ ನೇರವಾಗಿ ಐಎಫ್‌ಎ ಕಚೇರಿಗೆ ಕರೆತರುವ ಪರಿಪಾಠ ಬೆಳೆಯಿತು. ಹಣ ಕೊಟ್ಟವರು ಪದಾಧಿಕಾರಿಗಳು ನಿಜ. ಕೊಡುವಂತೆ ಮಾಡಿದವರು ಗ್ಯಾಲರಿಯವರು. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ನಡುವಿನ ಫೆಡರೇಷನ್ ಕಪ್ ಸೆಮಿಫೈನಲ್ ನೋಡಲು ಸೇರಿದವರು ಸುಮಾರು 1,31,000 ಮಂದಿ. ಸಿಂಧನೂರು ಪಟ್ಟಣದ ಜನರೆಲ್ಲ ಎದ್ದು ಹೋಗಿ ಕುಳಿತರೂ ಆ ಗ್ಯಾಲರಿ ತುಂಬುತ್ತಿರಲಿಲ್ಲ.

ಬೆಂಗಳೂರಿನ ಮತ್ತೊಬ್ಬ ಮಗ ಕಾರ್ಲ್‌ಟನ್ ಚಾಪ್‌ಮನ್. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ವರ್ಷವೇ ಇರಾಕಿನ ಅಲ್ ಝವ್ರಾ ತಂಡದ ಮೇಲೆ ಮೂರು ಗೋಲು ಹೊಡೆದರು. ತಂಡ 6-2ರಿಂದ ಗೆದ್ದಿತು. 1995ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. ಆ ಗಿರಣಿಯ ತಂಡ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತು. ಪ್ರಶಸ್ತಿ ಸಿಕ್ಕಿತು, ಆದರೂ ಅವರು ಅಲ್ಲಿ ನಿಲ್ಲಲಿಲ್ಲ. ಕೊಚ್ಚಿಯನ್ನು ಹಾದು ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಆ ಕ್ಲಬ್ ಲೀಗ್ ಗೆದ್ದಾಗ ನಾಯಕ ಅವರೇ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಇಷ್ಟು ಓದಿ ಹುಡುಗರು ಹುಮ್ಮಸ್ಸುಗೊಳ್ಳುವ ಮೊದಲು ಇನ್ನೊಂದು ಮುಖವನ್ನೂ ನೋಡಬೇಕು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ಕ್ಲಬ್ಬುಗಳ ಅಭಿಮಾನಿಗಳು ಬಡಿದಾಡಿಕೊಂಡು, ಕಾಲ್ತುಳಿತವಾಗಿ, 16 ಜನ ಸತ್ತರು. ಆಟ ನೋಡಲು ಹೋದ ಮಗ ಮನೆಗೆ ಬಾರದ ತಾಯಂದಿರಿಗೆ ಅಭಿಮಾನ ಎಂಬ ಪದ ಹೇಗೆ ಕೇಳಿಸಿರಬೇಕು? ಹೊರದೇಶದಲ್ಲೂ ಹೀಗೆಯೇ. 1990ರ ಮೇ ತಿಂಗಳಲ್ಲಿ ಇಟಲಿಯ ರೊಬರ್ಟೊ ಬಾಜ್ಜಿಯೊ ಅವರನ್ನು ಫಿಯೊರೆಂಟೀನಾ ಕ್ಲಬ್ ಆಗಿನ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಮೊತ್ತಕ್ಕೆ ಯುವೆಂಟಸ್‌ಗೆ ಮಾರಿತು. ಫ್ಲಾರೆನ್ಸ್ ನಗರದಲ್ಲಿ ದಂಗೆಯೆದ್ದಿತು, ಹತ್ತಾರು ಜನ ಗಾಯಗೊಂಡರು. ಮರುವರ್ಷ ಹಳೆಯ ಊರಿನಲ್ಲಿ ಆಡಲು ಬಂದ ಬಾಜ್ಜಿಯೊ, ಹಳೆಯ ತಂಡದ ವಿರುದ್ಧ ಪೆನಾಲ್ಟಿ ಹೊಡೆಯಲು ಒಪ್ಪಲಿಲ್ಲ. ಮೈದಾನದಿಂದ ಹೊರಬರುವಾಗ ಗ್ಯಾಲರಿಯಿಂದ ಬಿದ್ದ ಫಿಯೊರೆಂಟೀನಾದ ಸ್ಕಾರ್ಫನ್ನು ಎತ್ತಿಕೊಂಡರು. ಅಂದರೆ ಅಭಿಮಾನಿಗಳ ಗಲಾಟೆ ಒಂದು ಸಹಿಯನ್ನು ತಡೆಯಲಿಲ್ಲ. ಆದರೆ ಸಹಿ ಹಾಕಿದವನನ್ನು ಸುಮ್ಮನೆ ಇರಲೂ ಬಿಡಲಿಲ್ಲ.

ಮತ್ತೆ ಬೆಂಗಳೂರಿಗೆ ಬರೋಣ. 2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕ್ಲಬ್ ಸ್ಥಾಪಿಸಿತು. ಸುನಿಲ್ ಛೆಟ್ರಿ ಸಹಿ ಹಾಕಿದಾಗ ಅಲ್ಲಿ ಅಭಿಮಾನಿಗಳೇ ಇರಲಿಲ್ಲ, ಏಕೆಂದರೆ ಕ್ಲಬ್ಬೇ ಹೊಸದು. ಹಾಗಾಗಿ ಜನರ ಸೆಳೆತದಿಂದ ಅವರು ಬಂದರು ಎನ್ನುವುದು ತಪ್ಪಾಗುತ್ತದೆ. ಕುತೂಹಲ ಇರುವುದು ಆಮೇಲೆ. 2002ರಿಂದ 2013ರವರೆಗೆ ಛೆಟ್ರಿ ಭಾರತ, ಅಮೆರಿಕ, ಪೋರ್ಚುಗಲ್‌ಗಳಲ್ಲಿ ಎಂಟು ಕ್ಲಬ್ಬುಗಳ ಅಂಗಿ ತೊಟ್ಟವರು. ಬೆಂಗಳೂರಿಗೆ ಬಂದ ಮೇಲೆ, ಮುಂಬೈಗೆ ಎರವಲಾಗಿ ಹೋದ ದಿನಗಳನ್ನು ಬಿಟ್ಟರೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಅಂಗಿ. ಮೊದಲ ಋತುವಿನಲ್ಲೇ ಐ-ಲೀಗ್ ಪ್ರಶಸ್ತಿ ಬಂತು. ಪಶ್ಚಿಮದ ಗ್ಯಾಲರಿಯಲ್ಲಿ ಕೂರುತ್ತಿದ್ದ ಯುವಕರು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡು ಪಂದ್ಯವಿಡೀ ಹಾಡತೊಡಗಿದರು. ಆಟ ಮುಗಿದ ಮೇಲೆ ಆಟಗಾರರು ಆ ಗ್ಯಾಲರಿಯ ಮುಂದೆ ಸಾಲಾಗಿ ನಿಂತು ಅವರೊಂದಿಗೆ ಚಪ್ಪಾಳೆ ತಟ್ಟುವುದು ರೂಢಿಯಾಯಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅರ್ಧ ಶತಮಾನ ಆಟಗಾರರನ್ನು ರೈಲು ಹತ್ತಿಸಿ ಕಳಿಸಿದ ಊರು ಬೇರೆ ಊರುಗಳ ಆಟಗಾರರನ್ನು ಉಳಿಸಿಕೊಳ್ಳುವ ಊರಾಯಿತು.

ಇದೇ ಕ್ಲಬ್ಬಿನ ವಸತಿ ಅಕಾಡೆಮಿ ಶುರುವಾದದ್ದು ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ. ದಢೇಸುಗೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪ, ಬಳ್ಳಾರಿ ಮೇಲೆ ಹೋದರೆ ಬಹಳ ದೂರವಲ್ಲ. ನಾಳೆ ಗದ್ದೆಯಲ್ಲಿ ಆಡುವ ಹುಡುಗನೊಬ್ಬ ಅಲ್ಲಿಗೆ ಹೋಗುತ್ತೇನೆಂದರೆ ಅಪ್ಪ ಕೇಳುವ ಪ್ರಶ್ನೆಗಳು ನ್ಯಾಯವಾದವೇ: ಓದು ಏನಾಗುತ್ತದೆ, ಮೊಣಕಾಲು ಮುರಿದರೆ ಗತಿಯೇನು? ಗ್ಯಾಲರಿಯ ಪ್ರೀತಿಗೆ ಪಿಂಚಣಿ ಇಲ್ಲ. ಕಲ್ಕತ್ತೆಯ ಕರೆ ಬಿಟ್ಟು ಕಾರ್ಖಾನೆಯ ಕೆಲಸ ಹಿಡಿದವರನ್ನು ಪುಕ್ಕಲರೆಂದು ಕರೆಯುವುದು ತಪ್ಪು. ಆದರೆ ಹೋದವರೆಲ್ಲ ದುಡ್ಡಿಗಾಗಿಯೇ ಹೋದರೆಂದು ಮಗನಿಗೆ ಹೇಳುವುದೂ ಅಷ್ಟೇ ತಪ್ಪು.

ಜನ ಬಾರದಿದ್ದರೆ ಏನಾಗುತ್ತದೆಂಬುದೂ ಛೆಟ್ರಿಗೆ ಗೊತ್ತಿತ್ತು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದವರು 2,569 ಮಂದಿ. ಮರುದಿನ ನಾಯಕನೇ ವಿಡಿಯೊದಲ್ಲಿ, ಬೈಯುವುದಾದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಬೇಡಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟ್ಟುಗಳೆಲ್ಲ ಮಾರಾಟವಾದವು. ಆರು ವರ್ಷದ ಬಳಿಕ, 2024ರ ಜೂನ್ 6ರಂದು, ಅವರ ಅಂತರರಾಷ್ಟ್ರೀಯ ವಿದಾಯದ ಪಂದ್ಯ ಕುವೈತ್ ವಿರುದ್ಧ ನಡೆದದ್ದು ಸಾಲ್ಟ್ ಲೇಕ್‌ನಲ್ಲಿ. ಗೋಲೇ ಬಾರದ ಆ ಸಂಜೆಗೆ ಸುಮಾರು 59 ಸಾವಿರ ಜನ ಬಂದಿದ್ದರು. ಮರುವರ್ಷ ಮಾರ್ಚ್‌ನಲ್ಲಿ ನಿವೃತ್ತಿಯನ್ನು ಹಿಂತೆಗೆದುಕೊಂಡು ಛೆಟ್ರಿ ಮತ್ತೆ ದೇಶದ ಅಂಗಿ ತೊಟ್ಟರು.