ಮಾರುವ ಮನೆಯ ಒಪ್ಪ

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮ ಹಿರಿಯರು ಕಟ್ಟಿಸಿದ ಮೇಲ್ಮುದ್ದೆಯ ಮನೆಯನ್ನು ಮಾರುವುದೆಂದು ಮನೆಮಂದಿಯೆಲ್ಲ ಕೂಡಿ ನಿಶ್ಚಯಿಸಿದ ಮೇಲೆ, ಕೊಳ್ಳಬರುವವರ ಕಣ್ಣಿಗೆ ಅದನ್ನು ಒಪ್ಪವಾಗಿ ಅಣಿಗೊಳಿಸುವ ಕಾರ್ಯವು ನನ್ನ ಪಾಲಿಗೆ ಬಂದಿತು. ಕರ್ತವ್ಯವೆಂದು ಕೈಗೆತ್ತಿಕೊಂಡುದು ಬರುಬರುತ್ತ ಎಂತಹ ರುಚಿಯನ್ನು ಹತ್ತಿಸಿತೆಂದರೆ, ಬೆಳಗಾಗುವುದೇ ತಡ, ಕಸಬರಿಗೆ, ಸುಣ್ಣದ ಕುಂಚ, ಎಣ್ಣೆಯ ಅರಿವೆಗಳನ್ನು ಹಿಡಿದು ಆ ಮನೆಗೆ ಹೊರಡುವುದೇ ನನಗೆ ಪರಮಸುಖವಾಯಿತು. ಹುಟ್ಟಿ ಬೆಳೆದ ಮನೆಯನ್ನು ನಾವು ಬಳಸುವೆವೇ ಹೊರತು ನೋಡುವುದಿಲ್ಲ. ಪರರಿಗೆ ತೋರಿಸಬೇಕಾಗಿ ಬಂದಾಗಲೇ ಅದರ ಅಂಕಣಗಳ ಅಳತೆಯೂ ಬೋದಿಗೆಯ ಕೆತ್ತನೆಯೂ ಬೆಳಕಿಂಡಿಯ ಬಿಸಿಲು ಮಧ್ಯಾಹ್ನಕ್ಕೆ ಎತ್ತ ಸರಿಯುವುದೆಂಬುದೂ ನಮ್ಮ ಅರಿವಿಗೆ ಬರುವುವು.

ಇಂತಹ ಮನೆಯಲ್ಲಿ ಮೊದಲ ಉಪಚಾರ ಸಲ್ಲತಕ್ಕದ್ದು ಮಾಳಿಗೆಗೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರೂ ಮಳೆಯಾಗದ ಈ ಸೀಮೆಯಲ್ಲಿ, ತೊಲೆ ಜಂತೆಗಳ ಮೇಲೆ ಹಲಗೆ ಹಾಸಿ, ಸೊಪ್ಪು ಹರವಿ, ಮಣ್ಣು ತುಂಬಿ, ಮೇಲೆ ಸವಳು ಮಣ್ಣನ್ನು ಬಡಿದು ಕೂಡಿಸಿದ ಮಟ್ಟಸ ಮಾಳಿಗೆಯು ಬೇಸಿಗೆಯ ಉರಿಯನ್ನು ತಡೆಯುವುದರಲ್ಲಿ ಸಿಮೆಂಟಿನ ಚಾವಣಿಗಿಂತ ಎಷ್ಟೋ ಮಿಗಿಲು. ಆದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕದಿದ್ದರೆ ಅದು ಸೋರದೆ ಬಿಡದು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹೀಗೆ ಸೋರಿದ ಕಲೆಯೊಂದಿದ್ದಿತು. ಎರಡು ಸಲ ಸುಣ್ಣ ಬಳಿದರೆ ಮಾಯವಾಗುವುದೆಂದು ದಲ್ಲಾಳಿ ಸೂಚಿಸಿದನು. ನಾನು ಮಾಳಿಗೆಯನ್ನು ದುರಸ್ತಿ ಮಾಡಿಸಿ ಕಲೆಯನ್ನು ಹಾಗೆಯೇ ಬಿಟ್ಟೆನು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣಸಿಗದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಅವನೇ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮು ವಿಧಿಸಿರುವುದು ನಿಜ. ಆ ವಿಧಿ ಇರದಿದ್ದರೂ, ಇನ್ನೊಬ್ಬರ ಕೂಸು ಮಲಗುವ ಮನೆಯ ಸೋರುವ ಮೂಲೆಯನ್ನು ಸುಣ್ಣದಡಿ ಹೂಳುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

ಈ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಪಡಸಾಲೆಯ ಕಂಬಗಳ ಸೇವೆ. ಯಾವುದೋ ಮದುವೆಯ ಸಂಭ್ರಮದಲ್ಲಿ ಅವಕ್ಕೆ ಹಸಿರು ಬಣ್ಣ ಬಳಿದಿದ್ದರು. ಹುನಗುಂದದಿಂದ ಬಂದ ಬಡಿಗನೊಡನೆ ಕುಳಿತು ಗಾಜಿನ ಚೂರಿನಿಂದ ಮೆಲ್ಲಮೆಲ್ಲನೆ ಹೆರೆಯುತ್ತ ಹೋದಂತೆ, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ, ಕಾವಿಯೂ ಕಳಚಿದ ಮೇಲೆ ಸಾಗುವಾನಿಯ ಹೊಂಬಣ್ಣದ ಎಳೆ! ಬೋದಿಗೆಯ ಕಮಲದ ದಳಗಳ ಸಂದಿಯಲ್ಲಿ ಕಚ್ಚಿ ಕುಳಿತ ಬಣ್ಣವನ್ನು ಬಿಡಿಸುವುದಕ್ಕೆ ದಬ್ಬಣವೇ ಬೇಕಾಯಿತು. ಬಳಿಕ ಅರಿವೆಯನ್ನು ಅಗಸೆ ಎಣ್ಣೆಯಲ್ಲಿ ತೊಯಿಸಿ ಎಳೆಯ ಗುಂಟ ತಿಕ್ಕಿದಾಗ ಮರವು ಎಣ್ಣೆಯನ್ನು ಕುಡಿದು ಕಪ್ಪೇರಿ, ಮರುದಿನ ತನ್ನ ತಿಳಿಬಣ್ಣಕ್ಕೆ ತಿರುಗುವುದನ್ನು ನೋಡುವುದಕ್ಕಾಗಿಯೇ ನಾನು ಮತ್ತೆ ಮತ್ತೆ ಬಂದು ನಿಂತುದುಂಟು. ನೆಲದ ಹಾಸುಗಲ್ಲುಗಳಿಗೆ ಮಾತ್ರ ಎಣ್ಣೆ ಸಲ್ಲದು. ಅವು ಬಾದಾಮಿಯ ಕೆಂಪು ಮರಳುಗಲ್ಲುಗಳು, ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಅಲ್ಲಿಯ ಮೂರನೆಯ ಗುಹೆಯನ್ನು ಕೊರೆದುದು ಇದೇ ಜಾತಿಯ ಕಲ್ಲಿನಲ್ಲಿ. ನೀರು, ತೆಂಗಿನ ನಾರು, ರಟ್ಟೆಯ ಬಲ, ಇಷ್ಟರಿಂದಲೇ ಅದರ ಕೆಂಪು ಎದ್ದು ಬರುವುದು.

ನಡುಮನೆಯ ಮಗ್ಗದ ಕುಣಿಯ ವಿಷಯದಲ್ಲಿ ಮನೆಯವರಿಗೂ ನನಗೂ ಬಹಳ ಚರ್ಚೆಯಾಯಿತು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಇಳಕಲ್ ಸೀರೆಯು, 2007ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದರೂ, ಕೈಮಗ್ಗದವರ ಮನೆಗಳಲ್ಲಿ ವಿದ್ಯುತ್ ಮಗ್ಗದ ಮುಂದೆ ಹಿಂಜರಿಯುತ್ತ ಬಂದಿರುವುದು. ಆದುದರಿಂದ ಕುಣಿಯನ್ನು ತುಂಬಿಸಿ ನೆಲ ಸಮ ಮಾಡಿದರೆ ಬೆಲೆ ಹೆಚ್ಚುವುದೆಂಬುದು ಎಲ್ಲರ ಅಭಿಪ್ರಾಯ. ನಾನು ಅದನ್ನು ಗುಡಿಸಿ, ಅಂಚಿಗೆ ಕೆಮ್ಮಣ್ಣು ಸಾರಿಸಿ, ತೆರೆದೇ ಇಟ್ಟೆನು. ನೋಡಬಂದವರಲ್ಲಿ ವೃದ್ಧ ನೇಕಾರರೊಬ್ಬರು ಕಂಬವನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ನೆಟ್ಟಗೆ ಬಂದು ಕುಣಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟರು.

“ಇದನ್ನ ಮುಚ್ಚಾವ್ರ ಅದೀರೇನ್ರೀ?”

“ಇಲ್ರೀ ಕಾಕಾರ, ನಿಮಗ ಬ್ಯಾಡಾದ್ರ ನೀವ ಮುಚ್ಚಿಸ್ಕೋರಿ.”

“ಬ್ಯಾಡ ಬ್ಯಾಡ, ಮಗ್ಗ ಹೂಡೂ ಮನೀನ ಹುಡುಕಾಕತ್ತೀನಿ. ಬೆಳಕ ಚಲೋ ಬೀಳತೈತಿ.”

ನಾನು ಅಷ್ಟು ದಿನ ಕಂಬಗಳ ಮೇಲೆ ಬೀಳುವಂತೆ ಹವಣಿಸಿದ್ದ ಬೆಳಕನ್ನು ಅವರು ನೂಲಿನ ಮೇಲೆ ಎಣಿಸಿಕೊಂಡರು.

ಬಾಗಲಕೋಟೆಯ ನಮ್ಮ ಬಂಧುಗಳಿಗೆ ಈ ಭಾಗ್ಯವಿರಲಿಲ್ಲ. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಪಟ್ಟಣದ ಬಹುಭಾಗವನ್ನು ನುಂಗುವಾಗ, ಅಲ್ಲಿಯ ಮನೆಗಳು ಕೊಳ್ಳುವವರ ಕೈಗೆ ಹೋಗಲಿಲ್ಲ. ಅಳತೆಯ ಪಟ್ಟಿ ಹಿಡಿದವರು ಬಂದು ಲೆಕ್ಕ ಬರೆದುಕೊಂಡರು, ಪರಿಹಾರ ಬಂದಿತು, ಜನರು ನವನಗರಕ್ಕೆ ನಡೆದರು. ತಲಬಾಗಿಲ ಚೌಕಟ್ಟನ್ನು ಕಿತ್ತು ಬಂಡಿಗೆ ಹೇರಿಕೊಂಡ ನಮ್ಮ ಸೋದರತ್ತೆಯು, ಅಂದು ಮುಂಜಾನೆ ಮುಳುಗುವ ಮನೆಯ ಅಂಗಳವನ್ನು ಸಾರಿಸಿ ರಂಗೋಲಿ ಹಾಕಿಯೇ ಹೊರಟಿದ್ದಳು. ಬರುವವರಿಲ್ಲದ ಮನೆಗೂ ಆಕೆ ಮಾಡಿದ ಆ ಒಪ್ಪವನ್ನು ನೆನೆದಾಗಲೆಲ್ಲ, ಬರುವವರಿರುವ ಮನೆಗೆ ಎಷ್ಟು ಮಾಡಿದರೂ ಕಡಿಮೆಯೆಂದೇ ನನಗೆ ತೋರುವುದು.

ಕಾಗದಪತ್ರಗಳನ್ನು ಕುರಿತು ಹೆಚ್ಚು ಹೇಳಲಾರೆ. ಇಳಕಲ್ಲು ಹುನಗುಂದ ತಾಲ್ಲೂಕಿಗೆ ಸೇರಿದ್ದ ಕಾಲದ ಖರೀದಿ ಪತ್ರ, ಉತಾರ, ಋಣಭಾರ ಪ್ರಮಾಣಪತ್ರ, ಕರ ಕಟ್ಟಿದ ಪಾವತಿಗಳು ಒಂದೇ ಚೀಲದಲ್ಲಿದ್ದರೆ ಸಾಕು. ಅವುಗಳ ಜೊತೆಗೆ ನಾನೇ ಒಂದು ಹಾಳೆಯನ್ನು ಬರೆದಿಟ್ಟಿರುವೆನು: ಮಾಳಿಗೆಗೆ ಸವಳು ಮಣ್ಣು ತರಬೇಕಾದ ಜಾಗ, ಎಲೆ ಸಿಕ್ಕಿ ಕಟ್ಟಿಕೊಳ್ಳುವ ಪಡುವಣ ಹರನಾಳ, ಆಷಾಢದ ಗಾಳಿಗೆ ಅಗುಳಿ ಹಾಕಲೇಬೇಕಾದ ಹಿತ್ತಲ ಬಾಗಿಲು. ಸಂಚಕಾರ ಕೊಡಲು ಬಂದ ದಿನ ಆ ನೇಕಾರ ಕಾಕಾ ಆ ಹಾಳೆಯನ್ನು ಮಗನ ಕೈಯಿಂದ ಓದಿಸಿ ಕೇಳಿ, ಮಣ್ಣಿನ ಜಾಗವನ್ನು ಇನ್ನೊಮ್ಮೆ ಓದಿಸಿದರು.