ಮೊದಲು ಮನೆಮಾತಿನಲ್ಲಿ ವಾದಿಸಿ

ಧಾರಾಪುರಂನಲ್ಲಿ ನಮಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಹತ್ತನೇ ತರಗತಿಯ ನನ್ನ ತಂಗಿಗೆ ಮೂರನೆಯದೇ ಭಯ. ಚರ್ಚೆ ಇದೆ ಎಂದರೆ ಗೈಡಿನ ಉತ್ತರ ಬಾಯಿಪಾಠ ಮಾಡುತ್ತಿದ್ದಳು. ಯಾರಾದರೂ "ಯಾಕೆ?" ಎಂದು ಕೇಳಿದರೆ ಮಾತು ಅಲ್ಲೇ ನಿಂತುಹೋಗುತ್ತಿತ್ತು.

ತಮಿಳುನಾಡಿನ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದ ಮೊದಲ ಗದ್ಯಪಾಠ, ಐರ್ಲೆಂಡಿನ ಲಿಯಾಮ್ ಓಫ್ಲಾಹರ್ಟಿ ಬರೆದ 'ಹಿಸ್ ಫಸ್ಟ್ ಫ್ಲೈಟ್'. ಕಡಲಹಕ್ಕಿಯ ಮರಿಯೊಂದು ಹಾರಲು ಹೆದರಿ, ಹಸಿದು, ಬಂಡೆಯ ಅಂಚಿನಲ್ಲಿ ಕೂತಿರುತ್ತದೆ. ತಾಯಿ ಕೊಕ್ಕಿನಲ್ಲಿ ಮೀನು ಹಿಡಿದು ಹತ್ತಿರ ಬರುತ್ತಾಳೆ, ಆದರೆ ಕೊಡುವುದಿಲ್ಲ. ಹಸಿವಿಗೆ ಮುನ್ನುಗ್ಗಿದ ಮರಿ ಬೀಳುತ್ತದೆ. ಬೀಳುವಾಗಲೇ ರೆಕ್ಕೆ ಬಿಚ್ಚುತ್ತದೆ.

"ಆ ತಾಯಿ ಮಾಡಿದ್ದು ಸರಿಯಾ?" ಎಂದು ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಅಮ್ಮ ಸರಿ ಎಂದರು. ತಂಗಿ ಒಪ್ಪಲಿಲ್ಲ: "ಬಿದ್ದು ಸತ್ತೇ ಹೋಗಿದ್ದರೆ?" ಅರ್ಧ ಗಂಟೆ ಕನ್ನಡದಲ್ಲೇ ವಾದ ನಡೆಯಿತು. ಆಮೇಲೆ ಅವಳೇ ಪುಸ್ತಕ ತೆರೆದು, ತನ್ನ ಮಾತಿಗೆ ಆಧಾರವಾಗುವ ಎರಡು ವಾಕ್ಯಗಳಿಗೆ ಗೆರೆ ಎಳೆದಳು. ತನ್ನ ಅಭಿಪ್ರಾಯ, ಪಾಠದ ಆಧಾರ, ಅಮ್ಮನ ಮಾತಿಗೆ ಉತ್ತರ: ಮೂರನ್ನೂ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದುಕೊಂಡಳು. ಬರೆಯಬೇಕಿದ್ದ ಪ್ಯಾರಾಗ್ರಾಫೂ ಅದರಿಂದಲೇ ಹುಟ್ಟಿತು.

ಮರುದಿನ ತರಗತಿಯಲ್ಲಿ "ಯಾಕೆ?" ಬಂದೇ ಬಂತು. ತಡವರಿಸಿದಳಂತೆ, ಆದರೆ ಉತ್ತರ ಕೊಟ್ಟಳು.

ಅಪ್ಪ ಅಮ್ಮಂದಿರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಮಕ್ಕಳನ್ನು ಚರ್ಚೆಗೆ ಸಿದ್ಧಮಾಡಬಹುದು. ಪಾಠದ ಕಥೆಯನ್ನು ಅವರಿಂದ ಕನ್ನಡದಲ್ಲಿ ಹೇಳಿಸಿ. ಕೇಳಿದ ಮೇಲೆ ಸುಮ್ಮನೆ ತಲೆಯಾಡಿಸಬೇಡಿ, "ಯಾಕೆ?" ಎನ್ನಿ.